ಸುಣ್ಣದ ಲೆಕ್ಕ

ಗೋಣಿಕೊಪ್ಪದ ಬಸ್‌ಸ್ಟ್ಯಾಂಡಿನ ಎದುರು
ಉಸ್ಮಾನಿಕ್ಕನ ಮೆಡಿಕಲ್ ಶಾಪು.
ಗಾಜಿನ ಮೇಲೆ ಮೂರು ಟ್ಯೂಬು ಮಲಗಿಸಿ
ಅವನ ಮಗಳು ನಫೀಸಾ ಹೇಳುತ್ತಾಳೆ:
‘ಅಕ್ಕಾ, ಇದು ಕೇಸರಿಯದ್ದು,
ಹದಿನೈದೇ ದಿನಕ್ಕೆ ಬೆಳ್ಳಗಾಗ್ತೀರಿ.’

ಸ್ಕಾರ್ಫು ಸಡಿಲಿಸಿ ತೋರಿಸಿದೆ.
‘ಬೆಳ್ಳಗಾಗುವ ಕೆಲಸ ತಾನಾಗಿಯೇ ನಡೀತಿದೆ ಮಾರಾಯ್ತಿ,
ಸುಡದ ಹಾಗೆ ಏನಾದರೂ ಕೊಡು.’

ಎಡಗಿವಿಯ ಕೆಳಗೆ ಮೊದಲು ಕಾಫಿ ಬೀಜದಷ್ಟು,
ಆಮೇಲೆ ವೀಳ್ಯದೆಲೆಯಷ್ಟು,
ಈಗ ಕುತ್ತಿಗೆ ದಾಟಿ ಹೆಗಲಿಗೆ ಬಂದಿದೆ,
ಸರ್ವೆಯವರು ಅಳೆಯದೆ ಬಿಟ್ಟ ಜಮೀನು.
ತೊನ್ನು ಅಂದರೆ ಜನ ಲೋಟ ಬೇರೆ ಇಡುತ್ತಾರೆ.
ಮಡಿಕೇರಿಯ ಚರ್ಮದ ಡಾಕ್ಟರು ಮಾತ್ರ
ಬರಿಗೈಯಲ್ಲೇ ಮುಟ್ಟಿ ನೋಡಿ
‘ಇಲ್ಲಿ ಚರ್ಮಕ್ಕೆ ಅದರದೇ ಕೊಡೆ ಇಲ್ಲಮ್ಮ,
ನೀವೇ ಹಿಡೀಬೇಕು’ ಎಂದರು.

ನಾನು ತೋಟದ ರೈಟರು.
ಫೆಬ್ರವರಿಯ ಕಣದಲ್ಲಿ ನಿಂತು ಮೂಟೆ ಬರೆಯುವವಳು.
ಅಲ್ಲಿ ಬಿಸಿಲು ಮೇಲಿಂದ ಬರುವುದು ಸಾಲದೆಂದು
ಸಿಮೆಂಟೂ ಕೆಳಗಿನಿಂದ ಎಸೆಯುತ್ತದೆ.
ಹಣ್ಣು ಒಣಗಿ ಗಲಗಲ ಎನ್ನಲು ಹನ್ನೆರಡು ದಿನ,
ನನ್ನ ಕುತ್ತಿಗೆ ಬೇಯಲು ಒಂದು ಮಸ್ಟರ್ ಸಾಕು.

ಟ್ಯೂಬು ತಿರುಗಿಸಿ ಹಿಂದಿನ ಸಣ್ಣಕ್ಷರ ಓದಿದೆ,
ಗೊಬ್ಬರದ ಚೀಲ ಓದುವ ಹಾಗೆ.
ಕೇಸರಿಯದ್ದಕ್ಕೆ ನಂಬರು ಹದಿನೈದು,
ಘಮ ಮಾತ್ರ ಮದುವೆಮನೆಯದು. ಬೇಡ.
ಎರಡನೆಯದು ಐವತ್ತು, ಸರಿ,
ಆದರೆ ಪ್ಲಸ್ ಗುರುತು ಒಂದೂ ಇಲ್ಲ.
ನಂಬರು ತಡೆಯುವುದು ಸುಡುವ ಬಿಸಿಲನ್ನ,
ಸುಡದೆ ಸುಮ್ಮನೆ ಒಳಗಿಳಿಯುವ ಬಿಸಿಲಿಗೆ
ಆ ಪ್ಲಸ್ಸುಗಳೇ ಬೇಲಿ.
ನಮ್ಮಲ್ಲಿ ಮೋಡ ಇರುವ ದಿನವೂ
ಅದು ನುಸುಳಿ ಬರುತ್ತದೆ, ಆನೆಯ ಹಾಗಲ್ಲ,
ಹಂದಿಮರಿಯ ಹಾಗೆ.

ಮೂರನೆಯದಕ್ಕೆ ಐವತ್ತು, ನಾಲ್ಕು ಪ್ಲಸ್ಸು,
ಜಿಂಕ್ ಆಕ್ಸೈಡು, ವಾಸನೆ ಇಲ್ಲ,
ಎಕ್ಸ್‌ಪೈರಿಗೆ ಇನ್ನೂ ಎರಡು ವರ್ಷ.
‘ಅದು ಮುಖಕ್ಕೆ ಬಿಳಿ ಹಿಡಿಯುತ್ತೆ ಅಕ್ಕಾ,
ಯಾರೂ ತಗೊಳ್ಳಲ್ಲ,’ ಎಂದಳು ನಫೀಸಾ.
ಆಮೇಲೆ ನನ್ನ ಕುತ್ತಿಗೆ ನೋಡಿ
ನಾಲಿಗೆ ಕಚ್ಚಿಕೊಂಡಳು.
ಪಾಪ, ನನಗೆ ನಗು ಬಂತು.
ಆರುನೂರ ನಲವತ್ತು ರೂಪಾಯಿ ಕೊಡುವಾಗ ನಿಂತಿತು.

ಬೆಳಿಗ್ಗೆ ತೋಟದಲ್ಲಿ ಬೊಳಕ
ಎಳೆ ಸಿಲ್ವರ್ ಮರಗಳಿಗೆ ಸುಣ್ಣ ಬಳಿಯುತ್ತಿದ್ದ.
ಮರಕಸಿ ಈ ಸಲ ಜಾಸ್ತಿಯಾಗಿ
ಪಡುವಣ ಮಗ್ಗುಲಿನ ತೊಗಟೆ ಸೀಳಿದೆ.
‘ಮೂರು ಗಂಟೆ ಬಿಸಿಲೇ ಕಳ್ಳ ಬಿಸಿಲು ರೈಟರಕ್ಕ,
ತೆಳ್ಳಗೆ ಬಳಿದರೆ ಬಳಿಯದ ಲೆಕ್ಕವೇ,’
ಎನ್ನುತ್ತ ಪೊರಕೆ ಮತ್ತೆ ಅದ್ದಿದ.
ಡಾಕ್ಟರೂ ಇದನ್ನೇ ಹೇಳಿದ್ದರು:
ಎರಡು ಬೆರಳಿನ ಉದ್ದ, ಜಿಪುಣತನ ಬೇಡ,
ಎರಡು ಗಂಟೆಗೊಮ್ಮೆ, ಬೆವರಿದರೆ ಮೊದಲೇ,
ಕಿವಿಯ ಹಿಂದೆ ಮರೆಯಬೇಡಿ.

ಕಾಫಿಗೆ ನೆರಳು ಬೇಕೆಂದು ತೋಟಕ್ಕೆಲ್ಲ ಗೊತ್ತು,
ಅದಕ್ಕೆಂದೇ ಮರ ಬೆಳೆಸುತ್ತಾರೆ, ಸಭೆ ಮಾಡುತ್ತಾರೆ.
ಕಣದ ಹೆಂಗಸು ನೆರಳು ಕೇಳಿದರೆ ಮಾತ್ರ ಸೊಕ್ಕು.

ಹತ್ತು ಗಂಟೆಗೆ ಟ್ಯೂಬು ತೆಗೆದೆ.
ಕಾಫಿ ಕೈಯಾಡಿಸುತ್ತಿದ್ದ ಚೋಮಿ ಹಲುಬೆ ನಿಲ್ಲಿಸಿ
‘ಅಯ್ಯೋ, ಸುಣ್ಣ ಹೊಡೆದ ಮರವಾದಿರಲ್ಲ!’
ಅವಳ ಮೂಗಿನ ತುದಿ ಸಿಪ್ಪೆ ಏಳುತ್ತಿತ್ತು,
ಕೆನ್ನೆಯ ಮೇಲೆ ಹಳೆಯ ಬಿಸಿಲಿನ ಕಂದು ನಕ್ಷೆ.
‘ಬಾ ಇಲ್ಲಿ.’
‘ಕಪ್ಪು ಚರ್ಮಕ್ಕೆ ಯಾಕಕ್ಕ ಇದೆಲ್ಲ?’
‘ಚರ್ಮ ಅಲ್ಲವೇನು ಅದು?’
ಕಣ್ಣು ಮುಚ್ಚಿ ಮುಖ ಒಡ್ಡಿದಳು.
ಮೂವತ್ತು ವರ್ಷದಲ್ಲಿ ಅವಳ ಮುಖಕ್ಕೆ
ಯಾರಾದರೂ ಏನಾದರೂ ಹಚ್ಚಿದ್ದರೋ ಇಲ್ಲವೋ,
ಉಸಿರು ಹಿಡಿದು ನಿಂತಿದ್ದಳು.

ಸಂಜೆ ಖರ್ಚಿನ ಪುಸ್ತಕ ತೆರೆದೆ.
ಸಾಹುಕಾರರು ಮೊತ್ತ ಮಾತ್ರ ಓದುತ್ತಾರೆ.
ಬೊಳಕನ ಎರಡು ಮೂಟೆಯ ಕೆಳಗೆ
ಅದೇ ಶಾಯಿಯಲ್ಲಿ ಬರೆದೆ:

ಸುಣ್ಣ, ಐವತ್ತು ಗ್ರಾಂ.
ಮರ, ಎರಡು.